ಮುನ್ನೂರು ವರ್ಷದ ಕುಳ್ಳನ ಅಳತೆ

ಮೊದಲೇ ಹೇಳಿಬಿಡುತ್ತೇನೆ, ಮಲಗಿದ್ದ ಅಜ್ಜಿಯನ್ನು ನೂಲು ಹಿಡಿದು ಅಳೆದ ಮೂರ್ಖ ನಾನೇ. ಅದೂ ಒಂದು ಆಟಕ್ಕಾಗಿ.

ಕೊಯಮತ್ತೂರಿನಲ್ಲಿ ಕಾಲೇಜು ಗೆಳೆಯರು ನಾಲ್ವರು ಭಾನುವಾರ ಮೇಜಿನ ಸುತ್ತ ಕೂತು, ದಾಳ ಉರುಳಿಸುತ್ತ ಕತೆ ಆಡುತ್ತೇವೆ. ಒಬ್ಬ ಕತೆ ನಡೆಸುತ್ತಾನೆ, ಉಳಿದವರದು ಒಂದೊಂದು ಪಾತ್ರ. ನನ್ನದು ಗುಡ್ಡದೊಳಗೆ ಬದುಕುವ ಕುಳ್ಳರ ಕುಲದ ಮುದುಕ, ವಯಸ್ಸು ಮುನ್ನೂರು. ಅವನಿಗೆ ಅಜ್ಜಿಯ ದನಿ ಕೊಟ್ಟಿದ್ದೆ. ಎಲ್ಲರ ದನಿ ಕದಿಯುವುದು ನನ್ನ ಚಾಳಿ; ನನ್ನದನ್ನು ಕದಿಯಲು ಇದುವರೆಗೆ ಯಾರೂ ಬಂದಿಲ್ಲ. ಆದರೆ ಕತೆ ನಡೆಸುವವನು ನನ್ನ ಪಾತ್ರದ ವಿವರದ ಹಾಳೆ ನೋಡಿ ಮೂಗು ಮುರಿದ. ಮುನ್ನೂರು ಅಂತ ಬರೆದರೆ ಸಾಕೇ, ಆ ಕುಲದಲ್ಲಿ ಅದು ಮುಪ್ಪೋ ನಡುವಯಸ್ಸೋ, ನಿಂತರೆ ನಮ್ಮ ಸೊಂಟಕ್ಕೆ ಬರುತ್ತಾನೋ ಎದೆಗೋ, ಕಣ್ಣಿಗೆ ಕಾಣಬೇಕು ಅಂದ.

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಕುಳ್ಳಿ, ಎಂಬತ್ತರ ಅಜ್ಜಿ. ಅವಿನಾಶಿಯ ಹತ್ತಿರ ನಮ್ಮದು ನಾಲ್ಕು ಪವರ್‌ಲೂಮ್‌ಗಳ ಮನೆ. ಮನೆಮಾತು ತಮಿಳು ಬೆರೆತ ಕನ್ನಡ. ಒಂದು ಮಧ್ಯಾಹ್ನ ಕರೆಂಟ್ ಹೋಗಿ ಮಗ್ಗಗಳು ನಿಂತವು, ಅಜ್ಜಿ ಚಾಪೆಯ ಮೇಲೆ ನಿದ್ದೆ ಹೋದಳು. ಕುಳ್ಳನಿಗೆ ಅವಳದೇ ಎತ್ತರ ಕೊಡೋಣವೆಂದು ನೂಲೆಳೆದು ನೆತ್ತಿಯಿಂದ ಹಿಮ್ಮಡಿಯವರೆಗೆ ಹಿಡಿದು ಹಲ್ಲಿನಲ್ಲಿ ಕಡಿದೆ. ತಲೆಯೆತ್ತಿದರೆ ಬಾಗಿಲಲ್ಲಿ ದೊಡ್ಡಮ್ಮ. ನಮ್ಮ ಮನೆಯಲ್ಲಿ ಮಲಗಿದವರನ್ನು ನೂಲಿನಲ್ಲಿ ಅಳೆಯುವುದು ಒಂದೇ ಸಲ, ಚಟ್ಟಕ್ಕೆ ಬಿದಿರು ಕಡಿಯುವ ಮುಂಚೆ.

"ಉಸಿರಿರೋರ್ನ ನೂಲಲ್ಲಿ ಅಳೀತಾರಾಡಾ?" ಎಂದಳು ಮೆಲ್ಲಗೆ. ನಾನು ಅದೇ ದನಿಯಲ್ಲಿ ಅದನ್ನೇ ತಿರುಗಿಸಿ ಹೇಳಿ ನಕ್ಕೆ. ಅವಳು ನಗಲಿಲ್ಲ.

ಮರುದಿನ ಅಜ್ಜಿಗೆ ಜ್ವರ.

ವೈರಲ್ ಜ್ವರ, ಮೂರು ದಿನ ಇರುತ್ತದೆ ಎಂದರು ಡಾಕ್ಟರು. ನಾಲ್ಕನೆಯ ದಿನವೂ ಇಳಿಯಲಿಲ್ಲ. ಆ ನೂಲು ನನ್ನ ದಾಳದ ಡಬ್ಬಿಯಲ್ಲಿತ್ತು. ಸುಟ್ಟರೆ ಅಜ್ಜಿಯನ್ನೇ ಸುಟ್ಟಂತೆ, ಕತ್ತರಿಸಿದರೆ ಅವಳ ಆಯುಸ್ಸನ್ನೇ ಕತ್ತರಿಸಿದಂತೆ, ಎಸೆದರೆ ಯಾರ ಕಾಲಿಗೆ ತೊಡರುತ್ತದೋ. ಇಂಜಿನಿಯರಿಂಗ್ ಓದುವವನು ಹೀಗೆಲ್ಲ ಹೆದರಬಾರದು ಎಂದು ನನಗೆ ನಾನೇ ಪಾಠ ಹೇಳಿಕೊಂಡೆ. ಆದರೂ ಬಸ್ಸಿನಲ್ಲಿ ಡಬ್ಬಿಯನ್ನು ಮೊಟ್ಟೆಯಂತೆ ಹಿಡಿದು ಕೂತಿರುತ್ತಿದ್ದೆ.

ಭಾನುವಾರದ ಆಟದಲ್ಲಿ, ಗುಹೆಯೊಳಗೆ ನನ್ನ ಕುಳ್ಳನ ಮೇಲೆ ಕರಡಿ ಬಿತ್ತು. ದಾಳ ಉರುಳಿಸು, ಐದಕ್ಕಿಂತ ಕಡಿಮೆ ಬಿದ್ದರೆ ಸತ್ತ ಅಂದರು. ನನ್ನ ಬಾಯಿಂದ ಅಜ್ಜಿಯ ದನಿ ಹೊರಡಲಿಲ್ಲ. ದಾಳವನ್ನು ಮೇಜಿನ ಮೇಲೆ ಮೆತ್ತಗೆ ಇಟ್ಟು, ಡಬ್ಬಿ ಎತ್ತಿಕೊಂಡು ಬಂದು ಊರಿನ ಬಸ್ಸು ಹತ್ತಿದೆ. ದಾರಿಯಲ್ಲಿ ಮನೆಯಿಂದ ಎರಡು ಸಲ ಫೋನು ಬಂತು. ಎತ್ತುವ ಧೈರ್ಯವಾಗಲಿಲ್ಲ.

ಬೀದಿಯ ತಿರುವಿನಿಂದಲೇ ನಮ್ಮ ಬಾಗಿಲಲ್ಲಿ ಎಷ್ಟು ಚಪ್ಪಲಿಗಳಿವೆ ಎಂದು ನೋಡಿದೆ. ಎರಡೇ ಜೊತೆ. ಸಾವಿನ ಮನೆಯಾಗಿದ್ದರೆ ರಾಶಿ ಬಿದ್ದಿರುತ್ತಿತ್ತು.

ಒಳಗೆ ಅಜ್ಜಿ ಗೋಡೆಗೆ ಒರಗಿ ಕೂತಿದ್ದಳು. ಬೆಳಿಗ್ಗೆ ನಾನು ಹೊರಟ ಮೇಲೆ ಬೆವರಿ ಜ್ವರ ಬಿಟ್ಟಿತ್ತಂತೆ. ಫೋನು ಮಾಡಿದ್ದು ಬರುವಾಗ ಬ್ರೆಡ್ ತಾ ಎನ್ನಲು. ನಾನು ನೂಲನ್ನು ಅವಳ ಮಡಿಲಲ್ಲಿ ಹಾಕಿ ಎಲ್ಲವನ್ನೂ ಒಪ್ಪಿಕೊಂಡೆ, ಈ ಸಲ ನನ್ನದೇ ಒಡಕು ದನಿಯಲ್ಲಿ. ದೊಡ್ಡಮ್ಮ ದೇವರ ಪಟದತ್ತ ಕೈಮುಗಿದು ನಿಂತಳು. ಅಜ್ಜಿ ನೂಲನ್ನು ಮೊಣಕೈಯಿಂದ ಬೆರಳ ತುದಿಗೆ ಹಿಡಿದು ಅಳೆದಳು, ಮೂರು ಮೊಳ ಮತ್ತೊಂದು ಗೇಣು. ಆ ಕುಳ್ಳನಿಗೆ ವಯಸ್ಸೆಷ್ಟು ಎಂದು ಕೇಳಿದಳು. ಮುನ್ನೂರು ಎಂದೆ.

"ನನ್ನ ಉದ್ದ ಅವನಿಗೆ ಕೊಟ್ಟೆಯಲ್ಲಡಾ, ಅವನ ವಯಸ್ಸು ನನಗೆ ಬರೆದುಬಿಡು. ಇನ್ನೂ ಇನ್ನೂರಿಪ್ಪತ್ತು ವರ್ಷ ಇದೆ, ಹೋಗಿ ಬ್ರೆಡ್ ತಕ್ಕೊಂಡು ಬಾ."