ಮೇಷ್ಟ್ರ ಸ್ಟೀರಿಯೋಗೆ ಬ್ಲೂಟೂತ್ ಜೋಡಿಸಿದ್ದು

ಕಡೂರಿನಲ್ಲಿ ನನ್ನದು ಟಿವಿ, ಸ್ಟೀರಿಯೋ ರಿಪೇರಿ ಅಂಗಡಿ. ಹಿರೇನಲ್ಲೂರಿನ ನಿವೃತ್ತ ಮೇಷ್ಟ್ರೊಬ್ಬರು ಮನೆಗೆ ಕರೆಸಿದ್ದರು. ತೀರಿಕೊಂಡ ಹೆಂಡತಿ ಹಾಡಿದ್ದ ವಚನಗಳು ಅವರ ಕಂಪ್ಯೂಟರಿನಲ್ಲಿದ್ದವು.

"ಇದರ ಸೌಂಡು ಸಾಲ್ದು ಕಣಪ್ಪಾ. ಆ ದೊಡ್ಡ ಸ್ಟೀರಿಯೋದಲ್ಲಿ ಬರೋ ಹಂಗೆ ಮಾಡ್ಕೊಡು," ಅಂದರು.

ಹಳೇ ಸೆಟ್ಟಿಗೆ ಬ್ಲೂಟೂತ್ ರಿಸೀವರ್ ಸಿಕ್ಕಿಸಿ ಕಂಪ್ಯೂಟರಿಗೆ ಹೊಂದಿಸುವಷ್ಟರಲ್ಲಿ ಅರ್ಧ ದಿನ ಹೋಯ್ತು. ಕೊನೆಗೆ ಆ ತಾಯಿಯ ದನಿ ಮನೆ ತುಂಬಿತು.

ಮೇಷ್ಟ್ರು ಸ್ಪೀಕರನ್ನೇ ನೋಡುತ್ತಾ ಕೂತಿದ್ದವರು, "ಯಾವಾಗ ಶುರುವಾಗುತ್ತೆ?" ಅಂದರು.

ವಾಲ್ಯೂಮ್ ಪೂರ್ತಿ ತಿರುಗಿಸಿದೆ. ಅವರು ಎದ್ದು ಬಂದು ಸ್ಪೀಕರಿಗೆ ಕಿವಿ ಆನಿಸಿದರು.

"ಬರ್ತಿಲ್ಲ ಕಣಪ್ಪಾ. ಸೆಟ್ಟೇ ಹೋಗಿರ್ಬೇಕು, ಬಿಡು."

ಹೋಗಿರುವುದು ಸೆಟ್ಟಲ್ಲ ಅಂತ ಗೊತ್ತಿದ್ದೂ ಹೌದೆಂದು ತಲೆಯಾಡಿಸಿದೆ.

ಅಷ್ಟರಲ್ಲಿ ಎದುರು ಮನೆಯವರು ಬಾಗಿಲಿಗೆ ಬಂದು, "ಸೌಂಡು ಕಮ್ಮಿ ಮಾಡ್ರೀ!" ಅಂತ ಕೂಗಿದರು. ನನ್ನ ಕೆಲಸ ಸರಿಯಾಗಿದೆ ಅಂತ ಒಪ್ಪಿಕೊಂಡವರು ಅವರೊಬ್ಬರೇ.