ಚೊಚ್ಚಲ ಮಕ್ಕಳ ಪಟ್ಟಿ

ಹುಡುಗಿ ಹನ್ನೊಂದು ಹೆಜ್ಜೆ ಓಡಿ ಕುಕ್ಕರುಗಾಲಲ್ಲಿ ಕೂತಳು. ಮೊಣಕಾಲುಗಳನ್ನು ಎದೆಗೆ ಒತ್ತಿಕೊಂಡು, ತಲೆ ತಗ್ಗಿಸಿ, ಏನೋ ಬಿದ್ದದ್ದನ್ನು ಹುಡುಕುವವಳ ಹಾಗೆ ನೆಲ ನೋಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ಎದ್ದು ಮತ್ತೆ ಓಡಿದಳು. ಈ ಸಲ ಎಂಟೇ ಹೆಜ್ಜೆ. ಜೊತೆಯ ಮಕ್ಕಳು ಆಟ ನಿಲ್ಲಿಸಿ ಅವಳಿಗಾಗಿ ಕಾದರು. ಅದೂ ಆಟದ ನಿಯಮವೇ ಎಂಬಂತೆ, ಯಾರೂ ಗೊಣಗದೆ ಕಾದರು.

"ಹಂಗಽ ರೀ ಆಕಿ," ಎಂದಳು ಅಂಗನವಾಡಿಯ ಬಾಗಿಲಲ್ಲಿ ನಿಂತಿದ್ದ ತಾಯಿ. "ಆಡಕೋತ ಆಡಕೋತ ಕುಂದರ್ತಾಳ. ಮೊದಲ ನಾವೂ ಆಟ ಅಂತಽ ತಿಳ್ಕೊಂಡಿದ್ವಿ."

ಅದು ಆಟವಾಗಿರಲಿಲ್ಲ. ಹುಟ್ಟಿನಿಂದಲೇ ಹೃದಯದಲ್ಲಿ ದೋಷವಿರುವ ಕೆಲವು ಮಕ್ಕಳು ಉಸಿರು ಸಾಲದಾದಾಗ ಹೀಗೆ ಕೂತು ಸುಧಾರಿಸಿಕೊಳ್ಳುತ್ತಾರೆ. ಯಾರೂ ಹೇಳಿಕೊಟ್ಟಿರುವುದಿಲ್ಲ. ಅಂಗನವಾಡಿಗೆ ತಪಾಸಣೆಗೆ ಬಂದ ವೈದ್ಯರು ಅದನ್ನು ಗುರುತಿಸಿ ಬೆಳಗಾವಿಗೆ ಕಳಿಸಿದ್ದರು. ಅಲ್ಲಿ ಶಸ್ತ್ರಚಿಕಿತ್ಸೆಗಾಗಿ ದಾಖಲಾಗುವ ದಿನವೂ ಗೊತ್ತಾಗಿತ್ತು. ನಾನು ಕೊಗನೊಳ್ಳಿಗೆ ಹೋದ ಆ ಶನಿವಾರದಿಂದ ಎಣಿಸಿದರೆ ಒಂಬತ್ತನೆಯ ದಿನ, ಸೋಮವಾರ. ಆ ದಿನ ತಪ್ಪಿದರೆ ಮುಂದಿನ ಸರದಿ ಯಾವಾಗಲೋ ಹೇಳಲಾಗದು, ಈ ಮಗು ಅಷ್ಟು ಕಾಯಬಾರದು ಎಂದು ವೈದ್ಯರು ಚೀಟಿಯ ಅಂಚಿನಲ್ಲಿ ಬರೆದಿದ್ದರು. ಆದರೆ ಸರ್ಕಾರದ ಮಕ್ಕಳ ಆರೋಗ್ಯ ಯೋಜನೆಯಲ್ಲಿ ಹುಡುಗಿಯ ಅರ್ಜಿ ತಿರಸ್ಕೃತವಾಗಿತ್ತು. ಅದು ಮಂಜೂರಾಗದೆ ಆಸ್ಪತ್ರೆ ಹಾಸಿಗೆ ಕೊಡುವಂತಿರಲಿಲ್ಲ.

ನಾನು ವೈದ್ಯೆಯಲ್ಲ. ಧಾರವಾಡದಲ್ಲಿ ಸಂಖ್ಯಾಶಾಸ್ತ್ರ ಓದಿ, ಚಿಕ್ಕೋಡಿಯ ಕಾಲೇಜೊಂದರಲ್ಲಿ ಪಾಠ ಹೇಳುತ್ತೇನೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲ್ಲೂಕುಗಳಲ್ಲಿ ಆ ಯೋಜನೆ ಹೇಗೆ ನಡೆಯುತ್ತಿದೆ ಎಂದು ನೋಡಲು ಒಂದು ಸಲಹಾ ಸಮಿತಿಯಿತ್ತು. ಸದಸ್ಯರಲ್ಲಿ ಒಬ್ಬ ಯುವತಿ ಇರಬೇಕೆಂಬ ಷರತ್ತಿದ್ದುದರಿಂದ ನನ್ನ ಹೆಸರು ಸೇರಿತು. ಸಲಹಾ ಸಮಿತಿ ಸಲಹೆಯನ್ನಷ್ಟೇ ಕೊಡಬಹುದು, ಆದೇಶ ಕೊಡುವಂತಿಲ್ಲ. ಮೊದಲ ಎರಡು ಸಭೆಗಳಲ್ಲಿ ನಾನು ಸಲಹೆಯನ್ನೂ ಕೊಡಲಿಲ್ಲ. ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ಭಡಂಗ ತಿಂದು, ಚಹಾ ಕುಡಿದು ಬಂದೆ.

ಆ ಸಭೆಗಳಲ್ಲಿ ತಿರಸ್ಕೃತ ಅರ್ಜಿಗಳ ಪಟ್ಟಿ ಓದುವುದು ಕೊನೆಯ ವಿಷಯ. ಯೋಜನೆಯ ಸಂಯೋಜಕರು ಲ್ಯಾಪ್‌ಟಾಪ್ ನೋಡಿಕೊಂಡು ಬೇಗಬೇಗ ಓದುತ್ತಿದ್ದರು. ಎಲ್ಲದಕ್ಕೂ ಕಾರಣ ಒಂದೇ: ವಾಸಸ್ಥಳ ದೃಢಪಟ್ಟಿಲ್ಲ. "ತಾಯಂದಿರು ಕಾಗದಪತ್ರ ಸರಿ ಇಟ್ಕೊಳ್ಳೂದಿಲ್ರಿ," ಎಂದು ಯಾರೋ ಹೇಳುತ್ತಿದ್ದರು. ಉಳಿದವರು ತಲೆಯಾಡಿಸುತ್ತಿದ್ದರು. ಎರಡನೆಯ ಸಭೆ ಮುಗಿದಾಗ ನಾನು ಪಟ್ಟಿಯ ಒಂದು ಪ್ರತಿ ಕೇಳಿದೆ. ಸಂಯೋಜಕರು ಕೊಟ್ಟರು. ನನಗಿಂತ ಒಂದೆರಡು ವರ್ಷ ದೊಡ್ಡವರಿರಬೇಕು. ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ.

ಪಟ್ಟಿಯನ್ನು ಊರುವಾರು ವಿಂಗಡಿಸಿ ನೋಡಿದೆ, ವಯಸ್ಸಿನ ಪ್ರಕಾರ ನೋಡಿದೆ. ಏನೂ ಹೊಳೆಯಲಿಲ್ಲ. ಒಂದು ಅರ್ಜಿಗೆ ಮಾತ್ರ ಆಸ್ಪತ್ರೆಯ ದಿನಾಂಕ ಅಂಟಿಕೊಂಡಿತ್ತು. ಆದ್ದರಿಂದ ಅದನ್ನೇ ಹಿಡಿದು ಕೊಗನೊಳ್ಳಿಗೆ ಹೋಗಿದ್ದೆ.

ತಾಯಿ ಮನೆಗೆ ಕರೆದುಕೊಂಡು ಹೋದಳು. ಬೇರೆಯವರ ಹೊಲದಲ್ಲಿ ಕೂಲಿ ಮಾಡುವವಳು, ಆ ದಿನ ನನಗಾಗಿ ಕೆಲಸ ಬಿಟ್ಟಿದ್ದಳು. ಪಡಸಾಲೆಯಲ್ಲಿ ಅವಳ ಅತ್ತೆ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು. ಹುಡುಗಿಯ ತಮ್ಮ, ಎರಡು ವರ್ಷದವನು.

"ಮತ್ತ ಕಾಗದ ನೋಡಾಕ ಬಂದ್ರೇನು?" ಎಂದರು ಅತ್ತೆ. "ಎಷ್ಟ ಮಂದಿ ನೋಡ್ತೀರಿ ಬೇ? ನೋಡಿ ನೋಡಿ ಕಾಗದಾನಽ ಸವದ ಹೋಗ್ಯಾವು."

"ಅತ್ತಿ, ಸುಮ್ಕಿರ್ರಿ. ಅಕ್ಕಾರು ಬಸ್ಸಿನಾಗ ನಿಂತ ಬಂದಾರ."

"ನಾ ಏನ ಸುಳ್ಳ ಹೇಳೀನಿ? ಈ ಸಣ್ಣಾಂವಂದು ಎಂಟ ದಿನದಾಗ ಯೋಜನೆದ ಕಾರ್ಡ್ ಬಂತು, ಯಾರೂ ಏನೂ ಕೇಳ್ಲಿಲ್ಲ. ಆಕಿದು ಮಾತ್ರ ಬರವಲ್ತು. ನಿಮ್ಮಪ್ಪನ ಊರಾಗ ಹಡದ್ಯಲ್ಲ, ಅವರಽ ಕೊಡ್ಸಲಿ ಕಾರ್ಡ್."

ತಾಯಿ ಎದ್ದು ಗೋಡೆಗೆ ನೇತು ಹಾಕಿದ್ದ ಚೀಲದಿಂದ ಎರಡು ಜನನ ಪ್ರಮಾಣಪತ್ರಗಳನ್ನು ತೆಗೆದು ನನ್ನ ಮುಂದಿಟ್ಟಳು. ಮಗನದು ಕನ್ನಡದಲ್ಲಿತ್ತು, ನಿಪ್ಪಾಣಿಯದು. ಮಗಳದು ಮರಾಠಿಯಲ್ಲಿತ್ತು. ಹುಟ್ಟಿದ್ದು ರಾಜ್ಯದ ಗಡಿಯಾಚೆ, ಕಾಗಲ್ ಕಡೆಯ ದವಾಖಾನೆಯಲ್ಲಿ. ಅದರ ಕೆಳಗೆ 'ಕಾಯಮಚಾ ಪತ್ತಾ' ಎಂಬಲ್ಲಿ, ಅಂದರೆ ಕಾಯಂ ವಿಳಾಸದ ಜಾಗದಲ್ಲಿ, ಕೊಗನೊಳ್ಳಿ ಇರಲಿಲ್ಲ. ತಾಯಿಯ ತವರೂರಿನ ಹೆಸರಿತ್ತು.

"ಇದನ್ನು ಯಾರು ಬರೆಸಿದ್ದು?"

"ನಮ್ಮಪ್ಪ ರೀ." ಅವಳಿಗೆ ನಗು ಬಂತು. "ಮೊದಲ ಮೊಮ್ಮಗಳು ಅಂತ ದವಾಖಾನಿ ತುಂಬ ಪೇಢೆ ಹಂಚ್ಯಾನ. ಬರಕೊಳ್ಳಾಂವ ಊರ ಯಾವುದು ಅಂತ ಕೇಳಿದ್ರ ಸೆಟದ ನಿಂತು ತನ್ನ ಊರಽ ಹೇಳ್ಯಾನ್ರಿ."

"ಎರಡನೇ ಸಲ ತವರಿಗೆ ಹೋಗಲಿಲ್ಲವಾ?"

"ಎರಡನೇದಕ್ಕ ಯಾರ ಕರಕೊಂಡ ಹೋಗ್ತಾರ್ರಿ ಅಕ್ಕಾರ? ಕುಬಸ ಮಾಡಿ, ಬಸರಿ ಉಡಿ ತುಂಬಿ ಕರೆಯೂದು ಮೊದಲನೇದಕ್ಕ. ಎರಡನೇದು ಇಲ್ಲೇ ನಿಪ್ಪಾಣ್ಯಾಗ. ನಮ್ಮ ಮನಿಯವರಽ ಹೋಗಿ ಈ ಊರ ಬರಿಸ್ಯಾರ."

ಹಿಂದಿರುಗುವ ಬಸ್ಸಿನಲ್ಲಿ ಪಟ್ಟಿಯನ್ನು ಮತ್ತೆ ತೆಗೆದೆ. ವಯಸ್ಸಿತ್ತು, ಊರಿತ್ತು, ಕಾಯಿಲೆಯಿತ್ತು. ಈ ಮಗು ಮನೆಯಲ್ಲಿ ಎಷ್ಟನೆಯದು ಎಂಬ ಕಾಲಂ ಮಾತ್ರ ಇರಲಿಲ್ಲ. ಅದನ್ನು ಯಾರಾದರೂ ಯಾಕೆ ಕೇಳಬೇಕು?

ಭಾನುವಾರದಿಂದ ಬುಧವಾರದವರೆಗೆ, ಪಾಠಗಳ ನಡುವೆ, ಪಟ್ಟಿಯ ಒಂದೊಂದೇ ಮನೆಗೆ ಫೋನ್ ಮಾಡಿದೆ. ಅಪರಿಚಿತರಿಗೆ ಫೋನ್ ಮಾಡುವುದು ನನಗೆ ಸುಲಭವಲ್ಲ. ಏನು ಕೇಳಬೇಕೆಂದು ಕಾಗದದಲ್ಲಿ ಬರೆದಿಟ್ಟುಕೊಂಡು ಓದುತ್ತಿದ್ದೆ. ಅಥಣಿ ಕಡೆಯ ಒಬ್ಬ ತಾಯಿ, "ಮೊದಲನೇದು ರೀ. ಜತ್ತದಾಗ ಹುಟ್ಟ್ಯಾನ. ಯಾಕ್ರಿ, ತಪ್ಪಾತೇನು?" ಎಂದಳು. ಕಾಗವಾಡದ ಒಬ್ಬಳು ಮಿರಜ ಎಂದಳು. ಕರೋಶಿಯವಳು ಗಡಹಿಂಗ್ಲಜ ಎಂದಳು. ಮಾತಿಗೆ ಸಿಕ್ಕ ಮನೆಗಳಲ್ಲಿ ಎರಡನ್ನು ಬಿಟ್ಟು ಉಳಿದೆಲ್ಲ ಕಡೆ ತಿರಸ್ಕೃತವಾದದ್ದು ಚೊಚ್ಚಲ ಮಗು. ಅದು ಹುಟ್ಟಿದ್ದು ಗಡಿಯಾಚೆಯ ತವರಿನಲ್ಲಿ. ವಿಳಾಸ ಬರೆಸಿದ್ದು ತಾಯಿಯ ಅಪ್ಪ, ಇಲ್ಲವೇ ಅಣ್ಣ. ನಮ್ಮ ಕಡೆ ಹೆಣ್ಣು ಕೊಟ್ಟು ತರುವಾಗ ಯಾರೂ ಗಡಿ ನೋಡುವುದಿಲ್ಲ. ಆದರೆ ಯೋಜನೆಯ ಗಣಕಯಂತ್ರ ನೋಡುತ್ತಿತ್ತು.

ನನ್ನದೇ ಜನನ ಪ್ರಮಾಣಪತ್ರವೂ ಮರಾಠಿಯಲ್ಲಿದೆ. ನಾನೂ ಮನೆಗೆ ಮೊದಲನೆಯವಳು. ಅಜ್ಜನ ಊರೇ ನನ್ನ ಕಾಯಂ ವಿಳಾಸವೆಂದು ಅದರಲ್ಲಿ ಬರೆದಿದೆ. ಇಷ್ಟು ವರ್ಷ ಅದನ್ನು ಎಷ್ಟೋ ಕಡೆ ಕೊಟ್ಟಿದ್ದೇನೆ. ಒಮ್ಮೆಯೂ ಕೊನೆಯ ಸಾಲಿನವರೆಗೆ ಓದಿರಲಿಲ್ಲ. ಮನೆಯ ವಿಷಯವನ್ನು ಸಭೆಯಲ್ಲಿ ಹೇಳಿಕೊಳ್ಳುವುದು ನನಗೆ ಹಿಡಿಸದು. ಆದರೂ ಬೇಕಾದರೆ ಇರಲಿ ಎಂದು ಅದರ ಪ್ರತಿಯನ್ನು ಚೀಲದಲ್ಲಿ ಹಾಕಿಕೊಂಡೆ.

ಗುರುವಾರ ಚಿಕ್ಕೋಡಿಯಲ್ಲಿ ಸಭೆ. ಸೋಮವಾರಕ್ಕೆ ನಾಲ್ಕು ದಿನವಿತ್ತು. ಅಧ್ಯಕ್ಷರು ನಿವೃತ್ತ ಮಕ್ಕಳ ವೈದ್ಯರು, ನಿಧಾನ ಮಾತಿನವರು. ಅವರ ಬಲಕ್ಕೆ ಅಥಣಿಯ ಜೈನ ವ್ಯಾಪಾರಿಯೊಬ್ಬರು ಕೂರುತ್ತಿದ್ದರು. ಹೊತ್ತು ಮುಳುಗುವ ಮುಂಚೆ ಮನೆ ಸೇರಿ ಊಟ ಮಾಡಬೇಕಾದವರು. ಗಡಿಯಾರದಲ್ಲಿ ನಾಲ್ಕೂವರೆ ಕಂಡರೆ ಟೋಪಿ ಸರಿ ಮಾಡಿಕೊಳ್ಳುತ್ತಿದ್ದರು. ಅವರು ಟೋಪಿಗೆ ಕೈ ಹಾಕುವ ಮುನ್ನ ನನ್ನ ವಿಷಯ ಬರಲೆಂದು ಅದನ್ನು ಮೊದಲಿಗೇ ತೆಗೆದುಕೊಳ್ಳುವಂತೆ ಕೇಳಿಕೊಂಡೆ.

ಕೊಗನೊಳ್ಳಿಯ ಹುಡುಗಿಯ ಅರ್ಜಿಯನ್ನು ಹೇಳಿದೆ. ಸಂಯೋಜಕರು ಬೇಸರವಿಲ್ಲದೆ, ಆದರೆ ತಕ್ಷಣ, ತಲೆಯಾಡಿಸಿದರು.

"ಸಿಸ್ಟಮ್ ತಗೊಳ್ಳೂದಿಲ್ರಿ ಮೇಡಮ್. ಜನನ ದಾಖಲೆದಾಗ ಹೊರರಾಜ್ಯದ ಕಾಯಂ ವಿಳಾಸ ಐತಿ. ಅಲ್ಲಿ ಮಕ್ಕಳಿಗೆ ಇಲ್ಲಿ ಹ್ಯಾಂಗ ಕೊಡಾಕ ಬರತೈತಿ?"

ನಾನು ಅಧ್ಯಕ್ಷರ ಕಡೆ ತಿರುಗಿದೆ. "ಸರ್, ಒಂದು ಪ್ರಶ್ನೆ. ನಿಮ್ಮ ಮೊದಲನೇ ಮಗು ಎಲ್ಲಿ ಹುಟ್ಟಿದ್ದು?"

ಅವರು ಕನ್ನಡಕದ ಮೇಲಿಂದ ನೋಡಿದರು. "ಮಿರಜದಾಗ. ಯಾಕವಾ?"

"ಎರಡನೇದು?"

"ಇಲ್ಲೇ. ಚಿಕ್ಕೋಡ್ಯಾಗ." ಅಲ್ಲಿಗೆ ಅವರಿಗೆ ಹೊಳೆದಿರಬೇಕು. ಪೆನ್ನು ಕೆಳಗಿಟ್ಟರು.

ಅಥಣಿಯ ವ್ಯಾಪಾರಿ ನಗತೊಡಗಿದರು. "ಮಕ್ಕಳದು ಬಿಡ್ರಿ, ನಾನಽ ಜಯಸಿಂಗಪುರದಾಗ ಹುಟ್ಟೀನಿ. ಐವತ್ತ ವರ್ಷ ಅಥಣ್ಯಾಗ ಅರಿವಿ ಮಾರೀನಿ. ಈ ತಮ್ಮನ ಪೆಟಗಿ ಪ್ರಕಾರ ನಾ ಪರದೇಶಿ!"

"ಕಾಕಾ, ನಿಮ್ಮನ್ನ ಗಡಿ ದಾಟಿಸಿ ಬಿಟ್ಟ ಬರೂಣೇನು?" ಎಂದು ಯಾರೋ ಅಂದರು. ಇಡೀ ಕೋಣೆ ನಕ್ಕಿತು.

ಸಂಯೋಜಕರು ನಗಲಿಲ್ಲ. ಅವರ ಕೈ ಕೀಲಿಮಣೆಯ ಮೇಲೆ ಸುಮ್ಮನಿತ್ತು. ನಾನು ಅವರನ್ನು ಏನೂ ಕೇಳಿರಲಿಲ್ಲ. ಅವರೇ ಮೆಲ್ಲಗೆ ಹೇಳಿದರು: "ನನ್ನ ಮಗಳು ಇಚಲಕರಂಜ್ಯಾಗ ಹುಟ್ಯಾಳ್ರಿ. ಮೂರ ತಿಂಗಳಾತು. ಮನಿಯಾಕಿ ಇನ್ನೂ ಅಲ್ಲೇ ಅದಾಳ."

"ವಿಳಾಸ ಯಾರು ಬರಿಸ್ಯಾರ?" ಎಂದರು ಅಧ್ಯಕ್ಷರು.

"ನಮ್ಮ ಮಾವ ಇರಬೇಕ್ರಿ."

"ಇರಬೇಕ ಅಂದ್ರ? ಫೋನ್ ಹಚ್ಚಿ ಕೇಳೋ ಮಾರಾಯಾ."

ಅವರು ಹೊರಗೆ ಹೋದರು. ತೆರೆದ ಬಾಗಿಲಿನಿಂದ ಮರಾಠಿಯಲ್ಲಿ ಅವರು ಮಾತನಾಡುವುದು, ಸುಮ್ಮನಾಗುವುದು, ಮತ್ತೆ 'ಅಹೋ ಮಾಮಾ' ಎನ್ನುವುದು ಕೇಳಿಸುತ್ತಿತ್ತು. ಒಳಗೆ ಬಂದವರು ಕುರ್ಚಿಯಲ್ಲಿ ಕೂರುವ ಮುಂಚೆಯೇ, "ತಮ್ಮ ಊರಂದಽ ಬರಿಸ್ಯಾರ್ರಿ," ಎಂದರು. "ದೊಡ್ಡ ಅಕ್ಷರದಾಗ ಬರಿಸೀನಿ ಅಂತ ಖುಷಿಲೆ ಹೇಳಾಕತ್ತಾರ."

ಮತ್ತೆ ನಗು. ಈ ಸಲ ಅವರೂ ನಕ್ಕರು. ನನ್ನ ಚೀಲದಲ್ಲಿದ್ದ ಕಾಗದವನ್ನು ಹೊರತೆಗೆಯಬೇಕಾಗಲಿಲ್ಲ. ಅದರಿಂದ ನನಗೆ ಸಮಾಧಾನವೇ ಆಯಿತು.

ನಾನು ಬರೆದು ತಂದಿದ್ದ ಶಿಫಾರಸು ಅರ್ಧ ಪುಟ. ಮಗು ಹೊರರಾಜ್ಯದ ತವರಿನಲ್ಲಿ ಹುಟ್ಟಿದ್ದರೆ ತಾಯಿ ಕಾರ್ಡನ್ನು ವಾಸಸ್ಥಳದ ಪುರಾವೆಯಾಗಿ ತೆಗೆದುಕೊಳ್ಳಬೇಕು. ಬಸುರಿಗೆ ಮೊದಲ ತಿಂಗಳುಗಳಲ್ಲೇ ಗಂಡನ ಊರಿನ ಆಶಾ ಕಾರ್ಯಕರ್ತೆ ಆ ಕಾರ್ಡು ಮಾಡಿಸಿರುತ್ತಾಳೆ. ತವರಿಗೆ ಹೋಗುವ ಮುಂಚಿನ ತಪಾಸಣೆಗಳೂ, ಮರಳಿದ ಮೇಲೆ ಮಗುವಿಗೆ ಹಾಕಿಸಿದ ಲಸಿಕೆಗಳೂ ಅದರಲ್ಲಿರುತ್ತವೆ. ಜೊತೆಗೆ ಅಂಗನವಾಡಿಯ ಹಾಜರಿ. ಅಷ್ಟು ಸಾಕು. ಅಧ್ಯಕ್ಷರು ಓದಿ, ಕೆಳಗೆ ತಮ್ಮ ಕೈಯಿಂದಲೇ ಇನ್ನೊಂದು ಸಾಲು ಸೇರಿಸಿದರು: ಹಿಂದೆ ತಿರಸ್ಕರಿಸಿದ ಅರ್ಜಿಗಳನ್ನೂ ಮತ್ತೆ ತೆರೆಯಬೇಕು.

"ಆದ್ರ ನಾವು ಸಲಹಾ ಅಷ್ಟಽ ಕೊಡೂದಲ್ರಿ ಸರ್?" ಎಂದರು ಸಂಯೋಜಕರು. "ಬೆಳಗಾವ್ಯಾಗ ಒಪ್ಪಬೇಕಲ್ಲ."

"ಕೊಡೂಣು," ಎಂದರು ಅಧ್ಯಕ್ಷರು. ಅಲ್ಲೇ ಬೆಳಗಾವಿಯ ಮಂಜೂರಾತಿ ಅಧಿಕಾರಿಗೆ ಫೋನ್ ಹಚ್ಚಿದರು. ಶಿಫಾರಸನ್ನು ಒಂದಕ್ಷರ ಬಿಡದೆ ಓದಿದರು. ಆಮೇಲೆ, "ಸಲಹಾ ಕೊಡಾಕತ್ತೀನ್ರಿ. ಕೂಸಿಗೆ ಸೋಮವಾರ ಹಾಸಿಗಿ ಐತಿ. ನಿಮ್ಮ ಮೊದಲನೇ ಮಗು ಎಲ್ಲಿ ಹುಟ್ಟಿತ್ರಿ?" ಎಂದು ಕೇಳಿದರು. ಆ ಕಡೆಯಿಂದ ಏನು ಉತ್ತರ ಬಂತೋ ನಮಗೆ ಕೇಳಿಸಲಿಲ್ಲ. ಅಧ್ಯಕ್ಷರು ಮಾತ್ರ ನಗುತ್ತ ಫೋನ್ ಇಟ್ಟರು. ಐದು ದಾಟಿತ್ತು. ವ್ಯಾಪಾರಿ ಟೋಪಿ ಮುಟ್ಟಿರಲಿಲ್ಲ. ಶಿಫಾರಸಿಗೆ ಎಲ್ಲರಿಗಿಂತ ಮೊದಲು ಸಹಿ ಹಾಕಿದವರು ಅವರೇ.

ಶುಕ್ರವಾರ ಏನೂ ತಿಳಿಯಲಿಲ್ಲ. ನಾನು ಪಾಠ ಹೇಳಿದೆ, ಅದು ಚೆನ್ನಾಗಿ ಆಗಲಿಲ್ಲ. ಶನಿವಾರ ಮಧ್ಯಾಹ್ನ ಸಂಯೋಜಕರು ಫೋನ್ ಮಾಡಿ, "ಆತ್ರಿ ಮೇಡಮ್. ಸಿಸ್ಟಮ್ ತಗೊಂಡ್ತು," ಎಂದರು. ರಜೆಯ ಅರ್ಧ ದಿನ ಕಚೇರಿಯಲ್ಲೇ ಕೂತಿದ್ದರಂತೆ. ಕೊಗನೊಳ್ಳಿಗೆ ನಾನೇ ತಿಳಿಸಿದೆ. ಆ ಕಡೆ ತಾಯಿ ಫೋನ್ ಹಿಡಿದುಕೊಂಡೇ ಯಾರನ್ನೋ ಕೂಗುತ್ತ ಓಡುವುದು ಕೇಳಿಸಿತು.

ಸೋಮವಾರ ಹುಡುಗಿಗೆ ಹಾಸಿಗೆ ಸಿಕ್ಕಿತು. ಬುಧವಾರ ಶಸ್ತ್ರಚಿಕಿತ್ಸೆ. ಗುರುವಾರ ಸಂಜೆ ನಾನು ಉತ್ತರಪತ್ರಿಕೆ ತಿದ್ದುತ್ತಿದ್ದಾಗ ಫೋನ್ ಬಂತು.

"ಅಕ್ಕಾರ, ಚಲೋ ಆತ್ರಿ. ಡಾಕ್ಟರ್ ಎಲ್ಲಾ ಸರಿ ಐತಿ ಅಂದ್ರು. ಎದ್ದ ಕೂಡ್ಲೆ ಹಸಿವಿ ಅಂದ್ಲು. ಗಂಜಿ ಕೊಟ್ರ ಉಗುಳಿ ರೊಟ್ಟಿ ಬೇಡಾಕತ್ತಾಳ. ನರ್ಸ್‌ಗೂ ಬೈದ್ಲ್ರಿ!" ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ, ಎರಡೂ ಇರಬೇಕು. ಅಷ್ಟರಲ್ಲಿ ಅತ್ತೆ ಫೋನ್ ಕಸಿದುಕೊಂಡರು.

"ಗಟ್ಟಿ ಐತಿ ಅಂದ್ರವಾ ಡಾಕ್ಟರ್. ಇರೂದಽ. ನಮ್ಮ ಮನಿ ಕೂಸು ಅಲ್ಲೇನು?"

"ಹೌದ್ರಿ," ಎಂದೆ. ಉಳಿದ ಉತ್ತರಪತ್ರಿಕೆಗಳಲ್ಲಿ ಆ ಸಂಜೆ ಎಲ್ಲರಿಗೂ ಒಂದೊಂದು ಅಂಕ ಹೆಚ್ಚು ಬಿದ್ದಿರಬಹುದು.

ಮರುದಿನ ಬೆಳಿಗ್ಗೆ ಕಾಲೇಜಿಗೆ ರಜೆ ಚೀಟಿ ಕಳಿಸಿ, ಮತ್ತೆ ತೆರೆಯಬೇಕಾದ ಅರ್ಜಿಗಳ ಪಟ್ಟಿ ಹಿಡಿದು ಏಳೂವರೆಯ ರಾಯಬಾಗ ಬಸ್ಸು ಹತ್ತಿದೆ. ಫೋನಿಗೆ ಸಿಗದೆ ಉಳಿದ ಮನೆಗಳಲ್ಲಿ ಮೊದಲನೆಯದು ದಿಗ್ಗೇವಾಡಿಯಲ್ಲಿತ್ತು. ಊರ ಹೊರಗಿನ ತೋಟದ ಮನೆ. ಅಂಗಳ ಸಾರಿಸುತ್ತಿದ್ದ ಹೆಂಗಸು ಕೈ ತೊಳೆದುಕೊಂಡು ಬಂದು, ಯಾರು ಬೇಕು ಎಂದಳು. ನಾನು ಹೆಸರು ಹೇಳಿ, ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತು, ಮೊದಲನೇ ಮಗುವಿನ ತಾಯಿ ಕಾರ್ಡ್ ಇಟ್ಟಿದ್ದೀರಾ ಎಂದು ಕೇಳಿದೆ.