ಮಗಳ ಶುಗರ್, ನನ್ನ ಮಿಷಿನ್

ಮೊಮ್ಮಗಳು ತೊಡೆಯ ಮೇಲೆ ಮಲಗಿದ್ದಾಳೆ. ಒಂದು ಕೈಯಲ್ಲಿ ಅವಳನ್ನು ತಟ್ಟುತ್ತ ಇನ್ನೊಂದು ಕೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಹೆಚ್ಚು ಓದಿದವನಲ್ಲ, ಅಕ್ಷರ ಸೊಟ್ಟ ಆದಾವು. ಆದರೆ ಅಂಕಿ ಓದುವುದು ಮಾತ್ರ ಪಕ್ಕಾ. ಸಂಡೂರಿನಿಂದ ಅದಿರು ಹೇರಿಕೊಂಡು ಲಾರಿ ಓಡಿಸಿದವನು ನಾನು, ತೂಕದ ಚೀಟಿ ಓದದೆ ಗೇಟು ದಾಟುವಂತಿರಲಿಲ್ಲ. ಲಾರಿ ಬಿಟ್ಟು ಕಂಪ್ಲಿಯ ಮನೆ ಸೇರಿದ ಮೇಲೆ ಶುಗರ್ ಬಂತು. ಅಂದಿನಿಂದ ಬೆಳಗ್ಗೆ ಎದ್ದು ಓದುವುದು ಬೆರಳಿನ ಚೀಟಿ: ಒಂದು ಹನಿ ರಕ್ತಕ್ಕೆ ಶುಗರ್ ಎಷ್ಟೆಂದು ತೋರಿಸುವ ಪುಟ್ಟ ಮಿಷಿನ್.

ಮಗಳು ಬಸುರಾದಳು. ತಿಂಗಳು ತುಂಬುತ್ತ ಬಂದಂತೆ ಅವಳಿಗೂ ಶುಗರ್ ಕಾಣಿಸಿತು. ನನ್ನ ನಿದ್ದೆ ಹೋಯಿತು. ಹೊಸಪೇಟೆಯ ಡಾಕ್ಟರಮ್ಮ ಸಮಾಧಾನವಾಗಿಯೇ ಹೇಳಿದರು: ಊಟವಾಗಿ ಎರಡು ತಾಸಿಗೆ ನೋಡಿ, ನೂರಿಪ್ಪತ್ತರೊಳಗೆ ಇರಲಿ, ಇನ್ನೂರು ದಾಟಿದರೆ ಮಾತ್ರ ಕಾಯದೆ ಬನ್ನಿ, ಹೊಟ್ಟೆಯಲ್ಲಿರುವ ಕೂಸಿಗೆ ಒಳ್ಳೆಯದಲ್ಲ. ಆ ಕೊನೆಯ ಮಾತು ನನ್ನ ಕಿವಿಯಲ್ಲೇ ಮನೆ ಮಾಡಿತು.

ಮಗಳು ಯಾರ ಕೈಗೂ ಬೆರಳು ಕೊಡುತ್ತಿರಲಿಲ್ಲ. "ಅಪ್ಪ ಚುಚ್ಚಿದ್ರ ಗೊತ್ತಾಗಂಗಿಲ್ಲ" ಅನ್ನುತ್ತಿದ್ದಳು. ನನಗೇನು, ಸನ್ಮಾನ ಮಾಡಿದ ಹಾಗೆ. ಅವಳು ಊಟಕ್ಕೆ ಕೂತ ಗಳಿಗೆಯಿಂದ ನನ್ನ ಕಣ್ಣು ಗಡಿಯಾರದ ಮೇಲೆ. ಕಟ್ಟೆ ಮೇಲೆ ಕೂರುವುದು, ಏಳುವುದು, ಒಳಗೆ ಹೋಗಿ ಅವಳು ಅನ್ನ ಎಷ್ಟು ಬಡಿಸಿಕೊಂಡಳು ಎಂದು ಇಣುಕುವುದು. "ಆಕಿ ತುತ್ತು ಎಣಿಸಬ್ಯಾಡ್ರಿ, ದೃಷ್ಟಿ ಆಗತೈತಿ" ಎಂದು ಹೆಂಡತಿ ಬೈಯುತ್ತಿದ್ದಳು.

ಒಂಬತ್ತನೇ ತಿಂಗಳಲ್ಲಿ ಸೀಮಂತದ ಕುಬಸ ಇಟ್ಟುಕೊಂಡೆವು. ಹಸಿರು ಸೀರೆ, ಹಸಿರು ಬಳೆ. ಒಳ್ಳೆಯ ಹೊತ್ತು ಊಟದ ಮೇಲೆ ಬಂದಿದ್ದರಿಂದ ಮಗಳಿಗೆ ಮೊದಲೇ ಉಣ್ಣಿಸಿದ್ದೆವು: ಒಂದು ಜೋಳದ ರೊಟ್ಟಿ, ಪುಂಡಿಪಲ್ಯ, ಮಜ್ಜಿಗೆ. ಸಿಹಿ ಮುಟ್ಟಲಿಲ್ಲ. ಹೆಂಗಸರು ಒಬ್ಬೊಬ್ಬರೇ ಬಂದು ಉಡಿ ತುಂಬತೊಡಗಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಬೆಲ್ಲದಚ್ಚು, ಬಾಳೆಹಣ್ಣು. ಒಬ್ಬೊಬ್ಬರದೂ ಆದಂತೆ ಮಗಳು ಎರಡೂ ಕೈಯಲ್ಲಿ ಉಡಿ ಹಿಡಿದು ಒತ್ತಿಕೊಳ್ಳಬೇಕು. ಸೆಕೆಗೆ ಬೆಲ್ಲ ಬೆವತಿತ್ತು.

ಎರಡು ತಾಸು ಆಯಿತು. ನಾನು ಮಿಷಿನ್ ಹಿಡಿದು ಬಾಗಿಲಲ್ಲಿ ನಿಂತೆ.

"ಕುಬಸದಾಗ ಗಂಡಸ್ರಿಗೇನು ಕೆಲಸ?" ಎಂದಳು ನಮ್ಮ ಅಕ್ಕ. ಮನೆಗೆ ಹಿರಿಯಳು.

"ಒಂದ್ ಹನಿ ರಕ್ತ ಅಕ್ಕ, ತಗಂಡ್ ಹೋಗಿಬಿಡ್ತೀನಿ."

"ಸೊಳ್ಳೆ ಬಂತು ನೋಡ್ರೆವ್ವಾ" ಎಂದು ಯಾರೋ ಅಂದರು. ಎಲ್ಲರೂ ನಕ್ಕರು.

ಮಗಳು ಕೈ ತೊಳೆಯಲು ಏಳಹೋದಳು. ಅಕ್ಕ ಬಿಡಲಿಲ್ಲ. ನಮ್ಮ ಮನೆಯಲ್ಲಿ ಉಡಿ ಹಿಡಿದ ಕೈಯನ್ನು ಆರತಿ ಆಗುವ ತನಕ ನೀರಿಗೆ ಒಡ್ಡುವುದಿಲ್ಲ. ತುಂಬಿದ್ದು ತೊಳೆದುಹೋದೀತು ಎಂಬ ನಂಬಿಕೆ. ಟವೆಲಿನಿಂದ ಬೆರಳು ಒರೆಸಿದೆ, ಚುಚ್ಚಿದೆ. ಮಿಷಿನ್ ತುಸು ಯೋಚಿಸಿ ತೋರಿಸಿತು: ಮುನ್ನೂರ ಹದಿನಾಲ್ಕು.

ಆರತಿಗೂ ನಿಲ್ಲಲಿಲ್ಲ. ಉಡಿ ಸಮೇತ ಮಗಳನ್ನು ಕಾರಿಗೆ ಹತ್ತಿಸಿದೆ. ಹಿಂದೆ ಹೆಂಡತಿ, ಸ್ಟೇರಿಂಗಿಗೆ ಅಳಿಯ, ಪಕ್ಕದಲ್ಲಿ ನಾನು. ಮುಂದೆ ಹುಲ್ಲು ಹೇರಿದ ಟ್ರ್ಯಾಕ್ಟರು ರಸ್ತೆ ತುಂಬ ಹೋಗುತ್ತಿತ್ತು. ಕಮಲಾಪುರದ ಹತ್ತಿರ ಹಂಪಿ ನೋಡಲು ಬಂದವರ ಸೈಕಲ್ಲುಗಳು ಅಡ್ಡ. ನನ್ನ ಬಲಗಾಲು ತಾನೇ ನೆಲ ಒತ್ತುತ್ತಿತ್ತು.

"ಮಾವ, ಆ ಕಡೆ ಬ್ರೇಕ್ ಇಲ್ರಿ" ಎಂದ ಅಳಿಯ.

"ಹಾರ್ನ್ ಹೊಡಿ."

"ಹೊಡದೀನ್ರಿ."

"ಇನ್ನೊಮ್ಮೆ ಹೊಡಿ."

ಹಿಂದಿನಿಂದ ಮಗಳು ನನ್ನ ಭುಜ ಹಿಡಿದಳು. "ಅಪ್ಪ, ಒಳಗ ಒದಿಯಾಕತ್ತೈತಿ, ಚೆಂದ ಐತಿ. ನೀ ಸುಮ್ನ ಕೂಡು." ಕೂತೆ. ಸುಮ್ಮನೆ ಕೂರಲಾಗಲಿಲ್ಲ, ಅಷ್ಟೆ.

ಆಸ್ಪತ್ರೆಯಲ್ಲಿ ನರ್ಸಮ್ಮ ಮಗಳ ಬೆರಳು ಹಿಡಿದವಳೇ ತನ್ನ ಬೆರಳನ್ನು ಉಜ್ಜಿ ನೋಡಿಕೊಂಡಳು. "ಏನವ್ವ, ಕೈಗೆ ಜಿಗಟು? ಹೋಗು, ಸೋಪ್ ಹಚ್ಚಿ ತೊಳ್ಕಂಡು ಒರಿಸ್ಕಂಡು ಬಾ." ಮಗಳು ತೊಳೆದು ಬಂದಳು. ಈಗ ನೂರಾ ಎಂಟು. ನಂಬದೆ ಇನ್ನೊಂದು ಬೆರಳು ಚುಚ್ಚಿಸಿದೆ. ನೂರಾ ಹತ್ತು. ರಕ್ತದ್ದಲ್ಲ, ಬೆರಳಿಗೆ ಅಂಟಿದ್ದ ಬೆಲ್ಲದ ಸಕ್ಕರೆಯನ್ನು ಮಿಷಿನ್ ಓದಿತ್ತು. ಡಾಕ್ಟರಮ್ಮ ಕೂಸಿನ ಎದೆಬಡಿತ ಕೇಳಿಸಿ ಮನೆಗೆ ಕಳಿಸಿದರು. ಹೆಂಡತಿ ದಾರಿಯುದ್ದಕ್ಕೂ ನಕ್ಕಳು. ನಾನು ನಗಲಿಲ್ಲ, ಹೆರಿಗೆ ಇನ್ನೂ ಮುಂದೆ ಇತ್ತು.

ಹೆರಿಗೆ ಸುಸೂತ್ರವಾಯಿತು. ಹೆಣ್ಣುಕೂಸು, ಕೆನ್ನೆ ತುಂಬಿದ ಕೂಸು. ಎತ್ತಿಕೊಳ್ಳಲು ಕೈ ಚಾಚಿದರೆ ನರ್ಸಮ್ಮ, "ತಡ್ರಿ ಅಜ್ಜಾರ, ಕೂಸಿಂದೂ ಶುಗರ್ ನೋಡಬೇಕು" ಎಂದಳು. ತಾಯಿಗೆ ಶುಗರ್ ಇದ್ದರೆ ಹುಟ್ಟಿದ ಕೂಸಿನ ಶುಗರ್ ಒಮ್ಮೆಲೆ ಇಳಿದುಬಿಡಬಹುದಂತೆ. ಇಷ್ಟು ದಿನ ಏರೀತು ಎಂದು ಹೆದರಿದವನಿಗೆ ಈಗ ಇಳಿದೀತು ಎಂಬ ಹೆದರಿಕೆ. ಕೂಸು ತಾಯಿಯ ಹಾಲು ಚೀಪಿತು. ಆಮೇಲೆ ನರ್ಸಮ್ಮ ಆ ಪುಟ್ಟ ಹಿಮ್ಮಡಿ ಒರೆಸಿ ಚುಚ್ಚಿದಳು. ಕೂಸು ಇಡೀ ವಾರ್ಡು ಎದ್ದು ನೋಡುವ ಹಾಗೆ ಅತ್ತಿತು. ಆ ದನಿಯ ಗಟ್ಟಿತನಕ್ಕೆ ನನಗೆ ಹಿಗ್ಗಾಯಿತು.

"ಎಷ್ಟವ್ವ?"

"ಅರವತ್ತೆರಡು. ಭೇಷ್ ಐತಿ."

"ನಮಗ ಅಷ್ಟಾದ್ರ ಕಣ್ಣು ಕತ್ಲಿ ಬರತೈತಿ."

"ಕೂಸಿಗೆ ಅಷ್ಟಿದ್ರ ಸಾಕ್ರಿ ಅಜ್ಜ."

"ಸರಿಯಾಗಿ ನೋಡಿದೇನವ್ವ, ಎಷ್ಟಂದಿ?"

"ನೀವು ಎಷ್ಟ್ ಸಲ ಕೇಳಿದ್ರೂ ಅದು ಅರವತ್ತೆರಡಾ" ಎಂದು ನಗುತ್ತ ಕೂಸನ್ನು ನನ್ನ ಕೈಗಿಟ್ಟಳು.

ಬಿಸಿ ರೊಟ್ಟಿಯಷ್ಟು ಬೆಚ್ಚಗಿತ್ತು. ನಾನು ವರಾಂಡದ ಈ ತುದಿಯಿಂದ ಆ ತುದಿಗೆ ನಡೆಯತೊಡಗಿದೆ.

"ಎಲ್ಲಾ ಚೆಂದ ಆತಲ್ಲ, ಇನ್ನೇನು? ಈಗರ ಕುಂದ್ರಿ" ಎಂದಳು ಹೆಂಡತಿ.

ನನಗೂ ಕೂರಬೇಕೆಂದೇ ಇತ್ತು. ಕಾಲು ಕೇಳಲಿಲ್ಲ.